ಗೇರ್ ಬಾಕ್ಸಿಗೆ ಯಾವ ಎಣ್ಣೆ

ನನ್ನ ಗಂಡ ಆ ಕಾರು ಕೊಂಡಾಗ ನಮ್ಮ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಎಂಬತ್ತರ ದಶಕದ ಮಾತು. ನಂದಿದುರ್ಗ ಚಿನ್ನದ ಗಣಿಯ ಬಂಗಲೆಯೊಂದರಲ್ಲಿದ್ದ ಎಂಜಿನಿಯರು ಕೆಲಸ ಬಿಟ್ಟು ಊರಿಗೆ ಹೊರಟಾಗ ಮಾರಿದ ವಿಲಾಯತಿ ಕಾರು. ಎರಡೇ ಬಾಗಿಲು, ಎರಡು ಕಾರ್ಬುರೇಟರು, ಒಳಗೆ ಕೂತರೆ ರಸ್ತೆಯ ಮೇಲೇ ಕೂತಂತೆ ಆಗುವಷ್ಟು ತಗ್ಗು. ಓಟದ ಪಂದ್ಯಕ್ಕೆಂದೇ ಅದರ ಎಂಜಿನ್ನನ್ನು ಆ ಎಂಜಿನಿಯರು ತಿದ್ದಿಸಿದ್ದರಂತೆ. ಊರಿಗಾಂ ಇಳಿಜಾರಿನಲ್ಲಿ ಅದರ ಸದ್ದು ಕೇಳಿದರೆ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಕೊಳಾಯಿ ಕೆಳಗೆ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ತಿರುಗಿ ನಿಲ್ಲುತ್ತಿದ್ದರು.

ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆವು. ಮಣ್ಣು ತೋಡುವ ದೊಡ್ಡ ದೊಡ್ಡ ಯಂತ್ರಗಳನ್ನು ಮಾಡುವ ಕಾರ್ಖಾನೆ. ಧಾರವಾಡದ ಕಡೆಯಿಂದ ಬಂದ ಅವರು ಆ ಯಂತ್ರಗಳ ಗೇರ್ ಬಾಕ್ಸ್ ಜೋಡಿಸುವ ವಿಭಾಗದಲ್ಲಿದ್ದರು. ಕಾಮಸಮುದ್ರದ ಹತ್ತಿರದ ಹಳ್ಳಿಯವಳಾದ ನಾನು ಬಿ.ಎಸ್ಸಿ. ಮುಗಿಸಿ ಪ್ರಯೋಗಾಲಯಕ್ಕೆ ಸೇರಿದ್ದೆ. ಹೊರಗಿನಿಂದ ಪೀಪಾಯಿಗಳಲ್ಲಿ ಬರುವ ಎಣ್ಣೆಯನ್ನು ಪರೀಕ್ಷೆ ಮಾಡುವುದೇ ನನ್ನ ಕೆಲಸ. ನಾನು ಸರಿಯಿಲ್ಲವೆಂದು ಬರೆದರೆ ಗೇಟಿನ ತನಕ ಬಂದ ಲಾರಿ ವಾಪಸು ಹೋಗುತ್ತಿತ್ತು.

ಕಾರಿನ ಜೊತೆ ಒಂದು ಪುಸ್ತಕವೂ ಬಂದಿತ್ತು. ಗೇರ್ ಬಾಕ್ಸಿಗೆ ಒಂದು ಎಣ್ಣೆ, ಹಿಂದಿನ ಆಕ್ಸಲಿಗೆ ಬೇರೆ ಎಣ್ಣೆ, ಎರಡನ್ನೂ ಬೆರೆಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಗೇರ್ ಬಾಕ್ಸು ಗೊರಗೊರ ಎನ್ನುತ್ತಿದ್ದುದರಿಂದ ಎಣ್ಣೆ ಬದಲಿಸಬೇಕಿತ್ತು. ಗೇರ್ ಬಾಕ್ಸಿಗೆ ಹೇಳಿದ್ದ ಕಂಪನಿ ಎಣ್ಣೆ ಅರ್ಧ ಡಬ್ಬ ಡಿಕ್ಕಿಯಲ್ಲೇ ಇತ್ತು. ಉಳಿದದ್ದನ್ನು ಬೆಂಗಳೂರಿಗೆ ಬರೆದು ತರಿಸಬೇಕು, ತಿಂಗಳು ಹಿಡಿಯುತ್ತದೆ. ಅಷ್ಟು ಕಾಯುವ ಮನುಷ್ಯರಲ್ಲ ಅವರು. ಒಂದು ಭಾನುವಾರ ಬಂಗಾರಪೇಟೆಯ ಮೆಕ್ಯಾನಿಕ್ಕನ ಶೆಡ್ಡಿಗೆ ಹೋದೆವು.

ಮೆಕ್ಯಾನಿಕ್ಕು ಒಳಗಿನಿಂದ ಒಂದು ಕೆಂಪು ಡಬ್ಬ ತಂದು ಮುಚ್ಚಳ ತೆಗೆದ.

"ಕಂಪ್ನಿ ಎಣ್ಣೆ ನೀರು ಸಾರ್, ನೀರು. ನಿಮ್ದು ರೇಸ್ ಗಾಡಿ. ಇದು ಮದ್ರಾಸ್ ಮಾಲು. ಅಲ್ಲಿ ರೇಸ್ ಓಡ್ಸೋರೆಲ್ಲಾ ಇದನ್ನೇ ಆಕೋದು. ಮೂಸಿ ನೋಡಿ."

ಮೂಸುವ ಅಗತ್ಯವೇ ಇರಲಿಲ್ಲ. ನಾನು ನಿಂತಲ್ಲಿಗೇ ಗಂಧಕದ ನಾತ ಬಂತು.

"ರೀ, ಇದ್ರಲ್ಲಿ ಗಂಧಕ ಜಾಸ್ತಿ ಐತೆ," ಎಂದೆ. "ಹಿಂದಿನ ಆಕ್ಸಲಿಗೆ ಹಾಕಿ, ತುಂಬಾ ಒಳ್ಳೇದು. ಗೇರ್ ಬಾಕ್ಸಿಗೆ ಬೇಡ. ಅದರೊಳಗೆ ಗೇರು ಸಲೀಸಾಗಿ ಬೀಳಲಿ ಅಂತ ಹಿತ್ತಾಳೆ ರಿಂಗುಗಳಿರ್ತವೆ. ಬಿಸಿಯಾದಾಗ ಅವನ್ನ ತಿನ್ನುತ್ತೆ."

ಮೆಕ್ಯಾನಿಕ್ಕು ನನ್ನನ್ನು ನೋಡಲಿಲ್ಲ. ನನ್ನ ಗಂಡನನ್ನು ನೋಡಿ, "ಅಮ್ಮಾವ್ರು ಏನ್ ಮಾಡ್ತಾರೆ ಸಾರ್?" ಎಂದ.

"ಲ್ಯಾಬಿನಾಗ ಇದ್ದಾಳ."

"ಓ, ಆಸ್ಪತ್ರೆ ಲ್ಯಾಬಾ?"

ನನ್ನ ಗಂಡ ಅಲ್ಲವೆನ್ನಲಿಲ್ಲ. ಡಬ್ಬ ಕೊಂಡು ಕಾರಿನಲ್ಲಿಟ್ಟರು.

ಒಂದು ವಾರ ಸುರಿಯಬೇಡಿ ಎಂದು ಕೇಳಿಕೊಂಡೆ. ನಮ್ಮ ಮೇಲಧಿಕಾರಿಯ ಒಪ್ಪಿಗೆ ಪಡೆದು ಎರಡೂ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಒಯ್ದೆ. ಪರೀಕ್ಷೆ ಸುಲಭದ್ದು. ತಾಮ್ರದ ಪಟ್ಟಿಯನ್ನು ಉಜ್ಜಿ ಹೊಳೆಯುವಂತೆ ಮಾಡಿ, ಬೆರಳು ತಾಗಿಸದೆ ಎಣ್ಣೆಯಲ್ಲಿ ಮುಳುಗಿಸಿ, ಮೂರು ಗಂಟೆ ಬಿಸಿಯಲ್ಲಿಟ್ಟು, ಆಮೇಲೆ ಬಣ್ಣ ನೋಡುವುದು. ಕಂಪನಿ ಎಣ್ಣೆಯ ಪಟ್ಟಿ ಸ್ವಲ್ಪ ಕಿತ್ತಳೆಗೆ ತಿರುಗಿತ್ತು, ಅಷ್ಟೇ. ರೇಸ್ ಎಣ್ಣೆಯದು ದೋಸೆ ಕಾವಲಿಯ ಹಾಗೆ ಕಪ್ಪಾಗಿ ಹೊರಬಂತು. ಎರಡನ್ನೂ ಕಾಗದದಲ್ಲಿ ಸುತ್ತಿ ಮನೆಗೆ ತಂದು ಅವರ ಮುಂದಿಟ್ಟೆ. ಇನ್ನು ವಾದಕ್ಕೆ ಜಾಗವೇ ಇಲ್ಲ ಎಂದುಕೊಂಡಿದ್ದೆ.

"ಇದು ತಾಮ್ರ," ಎಂದರು. "ನನ್ನ ಗಾಡಿಯೊಳಗ ತಾಮ್ರ ಎಲ್ಲೈತಿ?"

"ಹಿತ್ತಾಳೆಯೊಳಗೆ ಇರೋದು ಬಹಳಷ್ಟು ತಾಮ್ರಾನೇ ಅಲ್ವಾ?"

"ನೀ ಕುದಿಸೀದಿ. ಕುದಿಸಿದರ ಯಾವುದಾರ ಕಪ್ಪಾಗತೈತಿ."

"ಮತ್ತೆ ಇದ್ಯಾಕೆ ಆಗಿಲ್ಲ? ಇದನ್ನೂ ಅಷ್ಟೇ ಹೊತ್ತು ಇಟ್ಟಿದ್ದೆ."

ಅವರು ಎರಡನೆಯ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹತ್ತು ವರ್ಷ ಆತು ನಾ ಗೇರ್ ಬಾಕ್ಸ್ ಕಟ್ಟಾಕತ್ತು. ನನಗ ಕಲಿಸಬ್ಯಾಡ," ಎಂದು ಎದ್ದು ಹೋದರು.

ಮುಂದಿನ ಭಾನುವಾರ ಕೆಂಪು ಡಬ್ಬದ ಎಣ್ಣೆ ಗೇರ್ ಬಾಕ್ಸಿಗೆ ಬಿತ್ತು.

ಆಮೇಲಿನ ಎರಡು ತಿಂಗಳು ನನಗೆ ಅತ್ಯಂತ ಕಷ್ಟದವು, ಏಕೆಂದರೆ ಕಾರು ಚೆನ್ನಾಗಿಯೇ ಓಡಿತು. ಗೇರ್ ಬಾಕ್ಸಿನ ಗೊರಗೊರ ಸದ್ದು ನಿಂತಿತು. "ನೋಡಿದಿ? ಬೆಣ್ಣಿ ಹಂಗ ಬೀಳತೈತಿ ಗೇರು," ಎಂದು ಬಂದವರಿಗೆಲ್ಲ ಹೇಳಿದರು. ಬೆಂಗಳೂರಿನ ಮೋಟಾರು ಕ್ಲಬ್ಬೊಂದು ಹಳೆಯ ವಿಮಾನಪಟ್ಟಿಯ ಮೇಲೆ ಓಟ ಇಟ್ಟಿತ್ತು. ಅಲ್ಲಿಗೆ ಹೋಗಿ ಮೂರನೆಯವರಾಗಿ ಬಂದು ಒಂದು ಸ್ಟೀಲ್ ತಟ್ಟೆ ತಂದರು. ನನ್ನ ಮೇಲೆ ನನಗೇ ಅನುಮಾನ ಬಂದು ಮತ್ತೊಮ್ಮೆ ಪರೀಕ್ಷೆ ಮಾಡಿದೆ. ಪಟ್ಟಿ ಮತ್ತೆ ಕಪ್ಪಾಯಿತು. ಈ ಸಲ ಮನೆಗೆ ತರಲಿಲ್ಲ.

ಚಳಿಗಾಲ ಬಂತು. ಬೆಳಗಿನ ಹೊತ್ತು ಎರಡನೇ ಗೇರು ಹಾಕುವಾಗ ಕರ್ರೆಂದು ಹಲ್ಲು ಕಡಿಯತೊಡಗಿತು. ಕ್ಲಚ್ ಪ್ಲೇಟ್ ಸವೆದಿದೆ ಎಂದು ಅದನ್ನು ಬದಲಾಯಿಸಿದರು. ಸರಿಹೋಗಲಿಲ್ಲ. ಆಗ ತಪ್ಪು ನನ್ನ ಕಡೆಗೆ ತಿರುಗಿತು. ಸಂಜೆ ಹೊತ್ತು ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ನನಗೆ ಡ್ರೈವಿಂಗ್ ಕಲಿಸುತ್ತಿದ್ದರು. "ನೀ ಅರ್ಧ ಕ್ಲಚ್ ಒತ್ತಿ ಗೇರ್ ಹಾಕಿ ಹಾಕಿ ಕೆಡಿಸೀದಿ," ಎಂದರು. ನಾನು ಅಲ್ಲಿಯವರೆಗೆ ಎರಡನೇ ಗೇರಿಗೆ ಹೋಗಿದ್ದೇ ಹತ್ತಿಪ್ಪತ್ತು ಸಲ. ಕಲಿಕೆ ನಿಂತಿತು. ಎಣ್ಣೆ ವಿಷಯ ನಾನು ಎತ್ತಿದರೆ, "ಮತ್ತ ಅದನ್ನ ಹಿಡಕೊಂಡಿ ನೋಡು," ಎನ್ನುತ್ತಿದ್ದರು. ಸುಮ್ಮನಿದ್ದರೆ, ತಪ್ಪು ಒಪ್ಪಿಕೊಂಡಂತೆ ಅವರಿಗೆ ಕಾಣುತ್ತಿತ್ತು.

ಒಮ್ಮೆ ನಮ್ಮ ಹಳ್ಳಿಗೆ ಹೋಗಿ ಹಿಂತಿರುಗುವಾಗ ಊರಾಚೆಯ ಏರಿನಲ್ಲಿ ಎರಡೂ ಇಲ್ಲ, ಮೂರೂ ಇಲ್ಲ, ಯಾವ ಗೇರೂ ಕೂರದೆ ಕಾರು ನಿಂತೇಬಿಟ್ಟಿತು. ಕಳಿಸಲು ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ನಮ್ಮಪ್ಪ ಇಳಿದು ನಮ್ಮ ಜೊತೆ ತಳ್ಳಿದರು. ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿ ಕೇಳಿದರು.

"ಏನಾಯ್ತಮ್ಮಾ ಇದಕ್ಕೆ?"

"ಎಣ್ಣೆ ಸರಿಯಿಲ್ಲ, ಅಪ್ಪಾ."

"ಎಣ್ಣೆ ನೋಡೋ ಕೆಲ್ಸ ನಿಂದೇ ಅಲ್ವೇನಮ್ಮಾ? ಅಳಿಯಂದ್ರಿಗೆ ಒಂದ್ಮಾತು ಏಳ್ಬಾರ್ದಾ?"

ನನಗೆ ಅಳು ಬಂತು. ಸಿಟ್ಟಿನ ಅಳು. ನನ್ನ ಗಂಡ ಸ್ಟಿಯರಿಂಗ್ ಹಿಡಿದು ತಳ್ಳುತ್ತಿದ್ದರು. ಮಾತು ಅವರಿಗೆ ಕೇಳಿಸಿತ್ತು. ತಲೆ ಎತ್ತಲಿಲ್ಲ.

ಕಾರನ್ನು ಲಾರಿಯೊಂದಕ್ಕೆ ಕಟ್ಟಿ ಬಂಗಾರಪೇಟೆಗೆ ಎಳೆಸಿದೆವು. ಮೆಕ್ಯಾನಿಕ್ಕು ಗೇರ್ ಬಾಕ್ಸ್ ಇಳಿಸಿ ಎಣ್ಣೆಯನ್ನು ಬೋಗುಣಿಗೆ ಬಿಟ್ಟ. ಅದರ ತುಂಬ ಹಿತ್ತಾಳೆಯ ಪುಡಿ ಮಿಣಮಿಣ ಹೊಳೆಯುತ್ತಿತ್ತು. ರಿಂಗುಗಳು ಕಪ್ಪು ಹಿಡಿದಿದ್ದವು. ಹಿಡಿತಕ್ಕೆಂದು ಒಳಗಡೆ ಇರುವ ಸಣ್ಣ ಗೆರೆಗಳು ಸವೆದು ನುಣ್ಣಗಾಗಿದ್ದವು. ಆತ ಒಂದನ್ನು ಬಟ್ಟೆಯಲ್ಲಿ ಒರೆಸಿ ನೋಡಿ, "ಅಮ್ಮಾವ್ರು ಅವತ್ತೇ ಅಂದಿದ್ರು ಸಾರ್," ಎಂದ. ಅಷ್ಟು ಹೇಳಲು ಆತನಿಗೆ ಮುಜುಗರವೇನೂ ಆಗಲಿಲ್ಲ.

ನನ್ನ ಗಂಡ, "ಹೊಸಾ ರಿಂಗ್ ಎಲ್ಲಿ ಸಿಗತಾವ, ಹೇಳು," ಎಂದರು.

ಎಲ್ಲೂ ಸಿಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಲೇತಿನ ಮೇಲೆ ಕಡೆಸಬೇಕಾಯಿತು. ಐದು ತಿಂಗಳು ಕಾರು ಶೆಡ್ಡಿನಲ್ಲಿ ಕೂತಿತ್ತು. ಅಷ್ಟರಲ್ಲಿ ಅವರೇ ಕಾಗದ ಬರೆದು ಕಂಪನಿ ಎಣ್ಣೆ ತರಿಸಿದರು. ಉಳಿದಿದ್ದ ರೇಸ್ ಎಣ್ಣೆಯನ್ನು ಹಿಂದಿನ ಆಕ್ಸಲಿಗೆ ಹಾಕಿದರು. ನಾನು ಮೊದಲ ದಿನ ಹೇಳಿದ್ದೂ ಅದನ್ನೇ. ಒಂದು ಮಾತಿಗಾಗಿ ಕಾದೆ. ಊಟಕ್ಕೆ ಕೂತಾಗ ಬರಬಹುದು, ಬಸ್ಸಿಗೆ ನಿಂತಾಗ ಬರಬಹುದು ಎಂದು. ಬರಲಿಲ್ಲ.

ಬದಲಿಗೆ ಅವರು ಎಣ್ಣೆಯ ಪಂಡಿತರಾದರು. ಅವರ ವಿಭಾಗದವರೊಬ್ಬರು ಒಂದು ಸಂಜೆ ತಮ್ಮ ಮೋಟಾರ್‌ಸೈಕಲ್ಲಿಗೆ ಕೊಂಡ ಎಣ್ಣೆಯನ್ನು ಸೀಸೆಯಲ್ಲಿ ಹಿಡಿದು ಮನೆಗೆ ಬಂದರು.

"ಹಿತ್ತಾಳಿ ಇದ್ದಲ್ಲಿ ಗಂಧಕದ ಎಣ್ಣಿ ನಡಿಯಂಗಿಲ್ರೀ," ಎಂದು ನನ್ನ ಗಂಡ ಶುರುಮಾಡಿದರು. "ನಾವು ತಾಮ್ರದ ಪಟ್ಟಿ ಇಟ್ಟು ಪರೀಕ್ಷಾ ಮಾಡಿ ನೋಡೀವಿ. ಒಂದು ತಾಸು ಕಾಸಿದರ ಸಾಕು, ಗೊತ್ತಾಗತೈತಿ."

"ಮೂರು ಗಂಟೆ," ಎಂದೆ. "ಮಾಡಿದ್ದು ನಾನು."

ಬಂದವರು ನಕ್ಕರು. ನಾನು ನಗಲಿಲ್ಲ. ಸೀಸೆ ಕೊಡಿ, ನಾಳೆ ನೋಡಿ ಬರೆದುಕೊಡುತ್ತೇನೆ ಎಂದು ಕೈ ಚಾಚಿದೆ. ಅವರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ತಲೆಯಾಡಿಸಿದ ಮೇಲೆಯೇ ಸೀಸೆ ನನ್ನ ಕೈಗೆ ಬಂತು.

ಎರಡು ದಿನದಲ್ಲಿ ವರದಿ ಬರೆದು, ಮನೆಯ ಮೂಲಕ ಕಳಿಸದೆ, ನಾನೇ ವಿಭಾಗಕ್ಕೆ ಹೋಗಿ ಸೀಸೆ ತಂದವರ ಕೈಗೇ ಕೊಟ್ಟು ಬಂದೆ. ಅವರು ಅದನ್ನು ಕ್ಯಾಂಟೀನಿಗೆ ಒಯ್ದು, ಇದು ಸರಿಯೋ ತಪ್ಪೋ ಎಂದು ನನ್ನ ಗಂಡನನ್ನು ಕೇಳಿದರಂತೆ. ಅಲ್ಲೇ ಊಟಕ್ಕೆ ಕೂತಿದ್ದ ನಮ್ಮ ಪ್ರಯೋಗಾಲಯದ ಗೆಳತಿ ಬಂದು ಹೇಳಿದಳು.

"ನಿಮ್ಮೆಜಮಾನ್ರು ಏನಂದ್ರು ಗೊತ್ತಾ? 'ಆಕಿ ಬರದಾಳಂದ್ರ ಮುಗೀತು. ಅದರಾಗ ನಾ ಏನ್ ಹೇಳ್ಲಿ' ಅಂದ್ರು."

ಸಂತೋಷವಾಗಬೇಕಿತ್ತು. ನನಗೆ ಇನ್ನಷ್ಟು ಸಿಟ್ಟು ಬಂತು. ಅಷ್ಟು ಜನರೆದುರು ಆಡಲು ಬಂದ ಮಾತು ಮನೆಯಲ್ಲಿ ಯಾಕೆ ಬರಲಿಲ್ಲ? ಆ ಸಂಜೆ ನನ್ನ ಗಂಡ ಚಪ್ಪಲಿ ಬಿಡುವಾಗಲೇ ಕೇಳಿದೆ.

"ಕ್ಯಾಂಟೀನಲ್ಲಿ ಹಂಗಂದ್ರಂತೆ?"

"ಹೂಂ, ಅಂದಿರಬೇಕು," ಎಂದರು. "ಯಾಕ?"

ಯಾಕೆ ಎಂದು ಹೇಳಲು ಹೊರಟರೆ ಆ ಕೆಂಪು ಡಬ್ಬದಿಂದ ಶುರುಮಾಡಬೇಕಿತ್ತು. "ಏನಿಲ್ಲ," ಎಂದು ಅಕ್ಕಿ ತೊಳೆಯಲು ಒಳಗೆ ಹೋದೆ.