ಒಂದು ಜೀಪು, ಮೂರು ಭಾಷೆಯ ಬೈಗುಳ

ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟ ನಮ್ಮ ಜೀಪು ಯಶವಂತಪುರ ದಾಟುವ ಮೊದಲೇ ನಾನು ಎರಡು ಭಾಷೆಗಳಲ್ಲಿ ನಾಚಿಕೆಪಟ್ಟಾಗಿತ್ತು. ಮುಂದಿನ ಸೀಟಿನಲ್ಲಿ ನಾನು ಮತ್ತು ಚಾಲಕ ರುದ್ರಣ್ಣ. ಹಿಂದೆ ರಷ್ಯದ ಮೆಕ್ಯಾನಿಕ್ ಗೆನ್ನಾದಿ ಪೆತ್ರೋವಿಚ್, ಅವರ ಪಕ್ಕದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಕಾಲಿನ್. ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಗುಡ್ಡದ ಒಂದು ಅದಿರು ಗಣಿಯಲ್ಲಿ ರಷ್ಯದಿಂದ ಬಂದ ಹಳೆಯ ಅಗೆಯುವ ಯಂತ್ರವಿತ್ತು. ಅದರ ಎಂಜಿನ್ ಕೈಕೊಟ್ಟಿತ್ತು. ಮಾಲೀಕರು ಇಂಗ್ಲೆಂಡಿನ ಎಂಜಿನ್ ತರಿಸಿದ್ದರು. ಅವರ ಎಂಜಿನ್ನನ್ನು ಇವರ ಯಂತ್ರಕ್ಕೆ ಕೂರಿಸಲು ಇಬ್ಬರೂ ಬೇಕು, ಇಬ್ಬರ ನಡುವೆ ಮಾತು ಸಾಗಿಸಲು ಒಬ್ಬ ದುಭಾಷಿ ಬೇಕು.

ಅದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಮಾಸ್ಕೋದಲ್ಲಿ ಓದಿ ಬಂದವಳು. ಸೋವಿಯತ್ ಒಕ್ಕೂಟವೇ ಇಲ್ಲದಂತಾದ ಮೇಲೆ ನನ್ನ ರಷ್ಯನ್‌ಗೆ ಗಿರಾಕಿಗಳು ಅಪರೂಪ. ಅಂಥದ್ದರಲ್ಲಿ ಕೆಲಸ ಹುಡುಕಿಕೊಂಡು ಬಂದದ್ದೂ ಅಲ್ಲದೆ ನನ್ನದೇ ಜಿಲ್ಲೆಗೆ ಕರೆದಿತ್ತು. ನಾನು ಹುಟ್ಟಿದ್ದು ದುರ್ಗದ ಕೋಟೆಯ ಬುಡದಲ್ಲಿ. ನಮ್ಮ ಕಡೆಯ ಜನ ಒರಟು, ಆದರೆ ಮನಸ್ಸು ಬೆಣ್ಣೆ ಎಂದು ಹೊರಡುವ ಮೊದಲೇ ಇಬ್ಬರಿಗೂ ಜಂಬದಿಂದ ಹೇಳಿದ್ದೆ.

ನಾಚಿಕೆಯ ಕಾರಣ ಹೇಳುತ್ತೇನೆ. ಸ್ಕೂಟರಿನವನೊಬ್ಬ ಅಡ್ಡ ಬಂದಾಗ ಕಾಲಿನ್ ಒಂದು ಪದ ಅಂದ. ಇಂಗ್ಲಿಷ್ ಬಾರದವರಿಗೂ ಗೊತ್ತಿರುವ, ಹಾಸಿಗೆಗೆ ಸಂಬಂಧಪಟ್ಟ ಆ ಪದವನ್ನು ಇಲ್ಲಿ ಬರೆಯಲಾರೆ. ಅದನ್ನು ಅವನು ಸಿಟ್ಟಿಗಷ್ಟೇ ಬಳಸುತ್ತಿರಲಿಲ್ಲ. ತುಮಕೂರಿನಾಚೆ ಕುಡಿದ ಕಾಫಿಯನ್ನು ಅದೇ ಪದ ಸೇರಿಸಿ ಹೊಗಳಿದ, ಸೂರ್ಯ ಮೇಲೇರಿದ್ದಕ್ಕೂ ಅದನ್ನೇ ಅಂದ. ನಮ್ಮವರು ಪ್ರತಿ ತುತ್ತಿಗೂ ಉಪ್ಪಿನಕಾಯಿ ಮುಟ್ಟುವ ಹಾಗೆ. ಆದರೆ ನೀರಿನ ಬಾಟಲಿ ಕೊಡುವಾಗ ಬೆರಳು ತಾಗಿದರೆ ಸಾಕು, ಮೂರು ಸಲ ಕ್ಷಮೆ ಕೇಳುತ್ತಿದ್ದ.

ಗೆನ್ನಾದಿಯವರ ದಾಸ್ತಾನು ದೊಡ್ಡದು. ರಷ್ಯನ್ ಬೈಗುಳ ಎಲ್ಲಿಂದ ಹೊರಟರೂ ಕೊನೆಗೆ ಯಾರದೋ ತಾಯಿಯ ಹತ್ತಿರ ಹೋಗಿ ನಿಲ್ಲುತ್ತದೆ. ಆದರೆ ಅವರು ಬೈಯುತ್ತಿದ್ದುದು ಮುಚ್ಚದ ಬಾಗಿಲಿಗೆ, ರಸ್ತೆಯ ಗುಂಡಿಗೆ, ಕಿತ್ತುಹೋದ ಚೀಲದ ಪಟ್ಟಿಗೆ. ಬೈದ ಮರುಕ್ಷಣ ಮುಂದೆ ಹೆಂಗಸೊಬ್ಬಳು ಕೂತಿದ್ದಾಳೆ, ಅವಳಿಗೆ ಅರ್ಥವಾಗುತ್ತದೆ ಎಂದು ನೆನಪಾಗಿ ಎದೆಗೆ ಕೈ ಇಟ್ಟು "ಕ್ಷಮಿಸಿ" ಅನ್ನುತ್ತಿದ್ದರು. ಹಿರಿಯೂರು ಬರುವ ಹೊತ್ತಿಗೆ ಅವರ ಕೈ ಎದೆಯ ಮೇಲೇ ಉಳಿದುಬಿಟ್ಟಿತ್ತು.

ಹಿರಿಯೂರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಇಬ್ಬರನ್ನೂ ಇದರ ಬಗ್ಗೆ ಕೇಳಿದೆ. ಹೊರಗೆ ಬಿಸಿಲು ಆಗಲೇ ಕಣ್ಣು ಬಿಡಲಾಗದಷ್ಟಿತ್ತು.

"ಬೈಗುಳ ಇರುವುದು ಕಬ್ಬಿಣಕ್ಕೆ," ಎಂದರು ಗೆನ್ನಾದಿ. "ಮನುಷ್ಯನಿಗೆ ಬೈದರೆ ಆಮೇಲೆ ಅವನ ಎದುರು ನಿಲ್ಲಬೇಕಾಗುತ್ತದೆ."

ಕಾಲಿನ್ ನಕ್ಕ. "ನಮ್ಮಲ್ಲಿ ಗೆಳೆಯ ಬೈಯುವುದನ್ನು ಬಿಟ್ಟು ಮರ್ಯಾದೆಯಿಂದ ಮಾತಾಡಲು ಶುರು ಮಾಡಿದರೆ ಏನೋ ಜಗಳ ಬಂದಿದೆ ಅಂತ ಅರ್ಥ."

ಅಲ್ಲಿಂದ ಎಡಕ್ಕೆ ಹೊಸದುರ್ಗದ ದಾರಿ. ಮಾರಿಕಣಿವೆಯ ಹತ್ತಿರ ಜೀಪು ನಿಲ್ಲಿಸಿ ಅಣೆಕಟ್ಟು ತೋರಿಸಿದೆ. ನೀರು ತಳ ಹಿಡಿದಿತ್ತು. ಮುಂದೆ ಕುರಿ, ಮೇಕೆಯ ದೊಡ್ಡ ಹಿಂಡೊಂದು ರಸ್ತೆಗೆ ಅಡ್ಡವಾಗಿ, ನಾವು ಕಾಲು ಗಂಟೆ ಕಾದೆವು. ಗೆನ್ನಾದಿಯವರ ಗಡ್ಡಕ್ಕೂ ಹಿಂಡಿನ ಮುಂದಿದ್ದ ಹೋತದ ಗಡ್ಡಕ್ಕೂ ಹೋಲಿಕೆ ಕಂಡ ಕಾಲಿನ್ ಅವರ ಭುಜ ತಟ್ಟಿ "ಮುದಿ ಹೋತ!" ಎಂದು ಇಂಗ್ಲಿಷಿನಲ್ಲಿ ಅಂದ. ಇಂಗ್ಲಿಷಿನಲ್ಲಿ ಅದು ಸಲಿಗೆ. ರಷ್ಯನ್ನಿನಲ್ಲಿ ಗಂಡಸಿಗೆ ಹೋತ ಅಂದರೆ ಮುಗಿಯಿತು. ಅಲ್ಲಿ ತಾಯಿಯ ಬೈಗುಳವನ್ನಾದರೂ ನುಂಗುತ್ತಾರೆ, ಹೋತವನ್ನು ನುಂಗುವುದಿಲ್ಲ.

"ಏನಂದ?" ಎಂದರು ಗೆನ್ನಾದಿ.

"ಹಿರಿಯರು ಅಂದ," ಎಂದೆ.

ಅವರು ಗಂಭೀರವಾಗಿ ತಲೆಬಾಗಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಇಪ್ಪತ್ತು ವರ್ಷ ದುಭಾಷಿಯಾಗಿ ಕಲಿತದ್ದು ಇಷ್ಟೇ: ಮಾತನ್ನು ಸೋಸಿ ಕೊಡಬೇಕು, ಗಸಿ ನನ್ನ ಹತ್ತಿರವೇ ಉಳಿಯಬೇಕು.

ಗಣಿ ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು. ಯಂತ್ರ ನಡೆಸುವ ಓಬಳೇಶ ಕಾಯುತ್ತಾ ನಿಂತಿದ್ದ. ಮೂವತ್ತರ ಆಚೀಚಿನ ಎತ್ತರದ ಆಳು. ಯಂತ್ರ ಎದ್ದರೆ ಅವನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ ಹೋಗುವ ಯಂತ್ರದ ಜೊತೆ ಅವನೂ ಮನೆಗೆ ಹೋಗಬೇಕು. ನಮ್ಮ ರುದ್ರಣ್ಣ ಅವನ ಬಾಲ್ಯದ ಗೆಳೆಯ ಎಂದು ಗೊತ್ತಾದದ್ದು ಜೀಪಿನಿಂದ ಇಳಿಯುವ ಮೊದಲೇ.

"ಏನ್ಲೇ ಮುಂಡೇಮಗನೆ, ಇನ್ನೂ ಬದ್ಕಿದೀಯೇನ್ಲೇ?"

"ನೀನ್ ಬರ್ತೀಯ ಅಂತ ಗೊತ್ತಿದ್ರೆ ಯಾವಾಗ್ಲೋ ಸಾಯ್ತಿದ್ದೆ, ಬಾರ್ಲೇ!"

ಇಬ್ಬರೂ ತಬ್ಬಿಕೊಂಡರು. ಆಮೇಲೆ ಕೆಲಸದುದ್ದಕ್ಕೂ ಅದೇ ಮಾತು. ಸ್ಪ್ಯಾನರ್ ಬೇಕಾದರೂ ಮುಂಡೇಮಗ, ಬೀಡಿ ಬೇಕಾದರೂ ಮುಂಡೇಮಗ. ಗೆನ್ನಾದಿಯವರ ಕಿವಿ ಚುರುಕು. ಮರುದಿನ ಎಂಜಿನ್ ಎತ್ತಿ ನಿಲ್ಲಿಸಿ ನೆರಳಿನಲ್ಲಿ ಕೂತಾಗ ಕೇಳಿದರು: "ಇವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಆ ಮಾತು, ಅದೇನು?"

ನನಗೆ ಮುಖ ಬೆಚ್ಚಗಾಯಿತು. ಬಾಗಿಲಿಗೆ ಬೈದರೂ ನನ್ನ ಕ್ಷಮೆ ಕೇಳುವ ಮನುಷ್ಯನಿಗೆ, ಇದು ಗಂಡ ಸತ್ತವಳ ಮಗ ಅನ್ನುವ ಬೈಗುಳ ಎಂದು ಹೇಗೆ ಹೇಳಲಿ? ನಮ್ಮ ಜನರ ಬಗ್ಗೆ ಕೊಚ್ಚಿಕೊಂಡದ್ದು ಬೇರೆ ಇತ್ತು. "ಪ್ರೀತಿಯ ಮಾತು," ಎಂದೆ. "ತುಂಬಾ ಆಪ್ತರಿಗೆ ಹೇಳುತ್ತಾರೆ."

ಹಸಿ ಸುಳ್ಳೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮಜ್ಜಿ ನನ್ನನ್ನು ಕರೆಯುತ್ತಿದ್ದುದೇ "ಮುಂಡೇದೇ, ಉಂಡು ಹೋಗೇ" ಎಂದು. ಅಜ್ಜಿ ಸ್ವತಃ ಇಪ್ಪತ್ತೆರಡಕ್ಕೆ ತಲೆ ಬೋಳಿಸಿಕೊಂಡವಳು. ಆ ಮಾತು ಅವಳ ಬಾಯಿಗೆ ಎಲ್ಲಿಂದ ಬಂತು, ಮೊದಲು ಅವಳಿಗೆ ಅದನ್ನು ಯಾರು ಅಂದಿದ್ದರು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ನಮ್ಮ ಊಟ ಗುಡ್ಡದ ಕೆಳಗೆ ಓಬಳೇಶನ ಮನೆಯಲ್ಲಿ. ಅವನ ತಾಯಿ ತಿಪ್ಪಮ್ಮ ಗಣಿಗೆ ಬರುವ ಅತಿಥಿಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದರು. ಓಬಳೇಶ ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಹೋಗಿದ್ದನಂತೆ. ಮಾತು ಕಡಿಮೆ. "ಬರ್ರಿ, ಕುಂತ್ಕಳ್ರಿ" ಬಿಟ್ಟರೆ ಮೊದಲ ಎರಡು ದಿನ ನಾನು ಕೇಳಿದ್ದು "ಇನ್ನೊಂದ್ ಮುದ್ದೆ ಹಾಕ್ಲಾ" ಅಷ್ಟೇ. ಹುರುಳಿ ಸಾರಿಗೆ ಕಾಲಿನ್ ಕಣ್ಣೀರು ಸುರಿಸುತ್ತಾ ತನ್ನ ಪದದಿಂದಲೇ ಹಾಡಿ ಹೊಗಳಿದ. ಅದನ್ನು "ಭಾಳ ರುಚಿ ಐತಂತೆ" ಎಂದು ಸೋಸಿ ಕೊಟ್ಟೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು.

ಮೂರನೆಯ ದಿನ ಹನ್ನೊಂದರ ಸುಮಾರಿಗೆ ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಕಾರಿತು, ಆಮೇಲೆ ಹಿಡಿದುಕೊಂಡಿತು. ಓಬಳೇಶ ಮೇಲೆ ಕೂತು ಯಂತ್ರದ ಕೈಯನ್ನು ಎತ್ತಿ ಇಳಿಸಿದ. ಕೆಳಗೆ ನಿಂತಿದ್ದ ಕಾಲಿನ್ ಮತ್ತು ಗೆನ್ನಾದಿ ಒಟ್ಟಿಗೆ, ತಂತಮ್ಮ ಭಾಷೆಯಲ್ಲಿ, ಸಂತೋಷಕ್ಕೆ ಬೈದರು. ಆ ದಿನ ಅದನ್ನು ಯಾರಿಗೂ ಅನುವಾದಿಸಬೇಕಾಗಲಿಲ್ಲ.

ಮಗನ ಕೆಲಸ ಉಳಿದ ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ತಿಪ್ಪಮ್ಮ ಹೋಳಿಗೆ ಬೇಯಿಸಿದ್ದರು. ಸಾಲಾಗಿ ಕೂತೆವು. ಆಕೆ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಾ ಬಂದರು. ಗೆನ್ನಾದಿಯವರ ಮುಂದೆ ಬಗ್ಗಿದಾಗ ಅವರು ತಡೆಯುವಂತೆ ಕೈ ಮಾಡಿ, ಮಜ್ಜಿಗೆಯ ಲೋಟ ಎತ್ತಿ ಹಿಡಿದರು. ಊಟದ ನಡುವೆ ಲೋಟ ಎತ್ತಿ ಒಬ್ಬರನ್ನು ಹೊಗಳದಿದ್ದರೆ ರಷ್ಯದವರಿಗೆ ಊಟ ಊಟವಲ್ಲ. ಇನ್ನೊಂದು ಕೈಯನ್ನು ಪಕ್ಕದಲ್ಲಿದ್ದ ಓಬಳೇಶನ ಹೆಗಲಿಗೆ ಹಾಕಿದರು. ತಾಯಿಗೆ ಹೆಮ್ಮೆಯಾಗಲೆಂದು ಆಕೆಯ ಮುಖವನ್ನೇ ನೋಡುತ್ತಾ, ಬೆಳಗಿನಿಂದ ಅಭ್ಯಾಸ ಮಾಡಿದ್ದ ಕನ್ನಡದಲ್ಲಿ ಗಟ್ಟಿಯಾಗಿ ಅಂದರು:

"ಓಬಳೇಶ! ಮುಂಡೇಮಗ!"

ಓಬಳೇಶನ ತುತ್ತು ಕೈಯಲ್ಲೇ ನಿಂತಿತು. ರುದ್ರಣ್ಣ ಎಲೆಯೊಳಗೆ ಮುಖ ಹಾಕಿದ. ಹೊರಗೆ ದಿನಕ್ಕೆ ನೂರು ಸಲ ಅನ್ನುವವನು ಆ ಮನೆಯ ಹೊಸಿಲು ದಾಟಿದ ಮೇಲೆ ಒಮ್ಮೆಯೂ ಅಂದಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ. ತಿಪ್ಪಮ್ಮ ಹೋಳಿಗೆಗೆ ತುಪ್ಪ ಹಾಕಿದರು, ಸಾಲಿನ ಕೊನೆಯವರೆಗೂ ಎಲ್ಲರಿಗೂ ಹಾಕಿದರು. ಗಿಂಡಿಯನ್ನು ಗೋಡೆಯ ಪಕ್ಕ ಇಟ್ಟು ಹಿತ್ತಲಿಗೆ ಹೋದರು.

"ನಾನೇನು ಅಂದೆ?" ಎಂದರು ಗೆನ್ನಾದಿ. ಲೋಟ ಇನ್ನೂ ಗಾಳಿಯಲ್ಲಿತ್ತು. "ನೀವು ಹೇಳಿದ್ದೇ ತಾನೇ?"

ಹೌದು, ನಾನು ಹೇಳಿದ್ದೇ. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಮೊದಲು ರಷ್ಯನ್ನಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಪದದ ಅರ್ಥ ಬಿಡಿಸಿ ಹೇಳಿದೆ. ಹೇಳಲು ನಾಚಿಕೆಯಾಗಿ ಮುಚ್ಚಿಟ್ಟೆ ಎಂದೂ ಹೇಳಿದೆ. ಕಾಲಿನ್ ಕಿವಿಯವರೆಗೂ ಕೆಂಪಾದ. "ನಮ್ಮಲ್ಲೂ ಮಗನನ್ನು ಬೈಯಲು ತಾಯಿಗೆ ಮದುವೆಯಾಗಿರಲಿಲ್ಲ ಅನ್ನುವ ಪದವಿದೆ," ಎಂದ. ಮೂರು ದಿನದಲ್ಲಿ ಮೊದಲ ಸಲ ಅವನ ವಾಕ್ಯದಲ್ಲಿ ಆ ಉಪ್ಪಿನಕಾಯಿ ಇರಲಿಲ್ಲ.

ಗೆನ್ನಾದಿಯವರಿಗೆ ಮಾತ್ರ ಅರ್ಥವಾಗಲೇ ಇಲ್ಲ. "ವಿಧವೆಯ ಮಗ. ಸರಿ. ಇದರಲ್ಲಿ ಬೈಗುಳ ಎಲ್ಲಿದೆ?"



"ನಾನು ಒಂದನೇ ತರಗತಿಗೆ ಹೋದದ್ದು ಯುದ್ಧ ಮುಗಿದ ಮೇಲೆ," ಎಂದರು ಅವರು. "ಅಪ್ಪ ಇಲ್ಲದವರು ಕೈ ಎತ್ತಿ ಎಂದರು ಟೀಚರ್. ಇಡೀ ತರಗತಿ ಕೈ ಎತ್ತಿತು. ಟೀಚರೂ ಎತ್ತಿದರು. ನಮ್ಮಮ್ಮ ನೇಗಿಲಿಗೆ ಹೆಗಲು ಕೊಟ್ಟು ಮೂವರನ್ನು ಸಾಕಿದಳು. ನಮ್ಮ ಊರಿನಲ್ಲಿ ನಿಮ್ಮ ಈ ಮಾತು ಬೈಗುಳವಲ್ಲ. ಅದು ಊರಿನ ಹೆಸರು." ಅವರು ಎದ್ದರು. "ನಡೆಯಿರಿ. ಈ ಸಲ ನಾನು ಹೇಳಿದ್ದನ್ನೇ ಹೇಳಿ."

ಹಿತ್ತಲಿನಲ್ಲಿ ತಿಪ್ಪಮ್ಮ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದರು. ಗೆನ್ನಾದಿ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಉರಿಬಿಸಿಲಿನಲ್ಲಿ ಬರಿತಲೆಯಲ್ಲಿ ನಿಂತು ಮಾತಾಡಿದರು. ನಾನು ಒಂದು ಮಾತನ್ನೂ ಸೋಸದೆ ದಾಟಿಸಿದೆ.

ತಿಪ್ಪಮ್ಮ ತಲೆ ಎತ್ತದೆ ಕೇಳಿದರು. "ಇವರವ್ವ ಐದಾಳಾ?"

"ಇಲ್ಲ. ತೀರಿಕೊಂಡು ಬಹಳ ವರ್ಷ ಆಯಿತಂತೆ."

"ಮೂರೂ ಮಕ್ಳು ಉಳ್ಕಂಡವಾ?"

"ಉಳಿದರಂತೆ."

"ಗಟ್ಟಿಗಿತ್ತಿ." ಪಾತ್ರೆ ಬದಿಗಿಟ್ಟು ಕೈ ತೊಳೆದರು. "ಈ ಯಪ್ಪ ಅರೀದೆ ಅಂದ, ಅದ್ಕೇನಿಲ್ಲ ಬಿಡು. ನನ್ನ ಮಗ ತಪ್ಪು ಮಾಡಿದ್ರೂ ಬೈಗುಳ ನಂಗೇ ಬರತೈತೆ. ಮಾಡ್ದಿದ್ರೂ ನಂಗೇ. ಅರಿತು ಅಂದೋರು ಊರು ತುಂಬ ಅವ್ರೆ. ಹಿಂಗೆ ಬಂದು ನಿಂತೋನು ಇವನೊಬ್ನೇ." ಆಮೇಲೆ ನನ್ನತ್ತ ತಿರುಗಿದರು. "ನೀನು ಓದಿದೋಳು. ಅದು ಏನು ಅಂತ ಹೇಳಿದ್ದೆ ತಾಯಿ ಅವರಿಗೆ?"

"ಪ್ರೀತಿಯ ಮಾತು ಅಂತ," ಎಂದೆ.

"ಪ್ರೀತಿ!" ಆಕೆ ನಕ್ಕರು. "ಹೂಂ. ನಮ್ಮೋರೆಲ್ಲ ಹಂಗೇ ಅಂದ್ಕಂಡವ್ರೆ. ಹೋಗ್ರಿ, ಹೋಳಿಗೆ ಆರತೈತೆ."

ಒಳಗೆ ಬಂದು ಉಂಡೆವು. ಅದಕ್ಕಿಂತ ಕಷ್ಟದ ಊಟವನ್ನು ನಾನು ಉಂಡಿಲ್ಲ.

ಹಿಂತಿರುಗುವುದು ಚಿಕ್ಕಜಾಜೂರಿನಿಂದ ರೈಲಿನಲ್ಲಿ ಎಂದು ಮೊದಲೇ ಗೊತ್ತಾಗಿತ್ತು. ಮೂರೂವರೆಗೆ ಹೊರಟೆವು. ಓಬಳೇಶ ಕಾಲಿನ್‌ನ ಕೈ ಕುಲುಕಿದ, ಗೆನ್ನಾದಿಯವರ ಕಾಲು ಮುಟ್ಟಿದ. ತಿಪ್ಪಮ್ಮ ಬಾಗಿಲಲ್ಲಿ ನಿಂತು, ದಾರಿಗೆಂದು ಹೋಳಿಗೆ ಕಟ್ಟಿದ ಗಂಟನ್ನು ಗೆನ್ನಾದಿಯವರ ಕೈಗೇ ಕೊಟ್ಟರು. ರುದ್ರಣ್ಣ ಆಕೆಯ ಮುಖ ನೋಡದೆ ಜೀಪು ಹತ್ತಿದ.

ಹೊಳಲ್ಕೆರೆ ತಲುಪಿದೆವು. ಊರೊಳಗೆ ಆಟೋ ಒಂದು ನುಗ್ಗಿದಾಗ ರುದ್ರಣ್ಣನ ಬಾಯಿ ತೆರೆಯಿತು, ಮುಚ್ಚಿತು. ಹಾರನ್ ಮೇಲೆ ಗುದ್ದಿದ.

"ಅಕ್ಕಾರೆ," ಎಂದ ಸ್ವಲ್ಪ ಹೊತ್ತಿನ ಮೇಲೆ, "ಬಾಯಾಗೆ ಬ್ಯಾರೆ ಏನೂ ಬರಂಗೇ ಇಲ್ಲ ನೋಡ್ರಿ."

"ಕಲಿತುಕೊಳ್ಳಬೇಕು ರುದ್ರಣ್ಣ," ಎಂದೆ. "ಮಾತು ಆಡುವ ಮೊದಲು ಅದು ಯಾರ ಮನೆ ಬಾಗಿಲಿಗೆ ಹೋಗುತ್ತದೆ ಅಂತ ಯೋಚಿಸಬೇಕು." ಇನ್ನೂ ಏನೇನೋ ಹೇಳಿದೆ. ಹೇಳುತ್ತಾ ಹೇಳುತ್ತಾ ಮನಸ್ಸು ಹಗುರವಾಯಿತು. ಬುದ್ಧಿ ಹೇಳುವುದರಲ್ಲಿ ಆ ಸುಖವಿದೆ.

ಊರು ದಾಟಿ ಚಿಕ್ಕಜಾಜೂರಿನ ದಾರಿ ಹಿಡಿದಿದ್ದೆವು. ತಿರುವಿನಲ್ಲಿ ಅಡಿಕೆ ಮೂಟೆ ಹೇರಿದ ಟ್ರ್ಯಾಕ್ಟರ್ ಒಂದು ನಮ್ಮ ಮೇಲೇ ಬಂತು. ರುದ್ರಣ್ಣ ಜೀಪನ್ನು ಪಕ್ಕದ ಹೊಲಕ್ಕೆ ಇಳಿಸಿದ. ನನ್ನ ತಲೆ ಕಿಟಕಿಗೆ ಬಡಿಯಿತು. ಟ್ರ್ಯಾಕ್ಟರಿನವನು ತಿರುಗಿಯೂ ನೋಡದೆ ಹೋದ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ, ನಮ್ಮಜ್ಜಿ ಕೊಟ್ಟ ಗಂಟಲೆಲ್ಲ ತೆರೆದು ಕೂಗಿದೆ:

"ಕಣ್ಣು ಕಾಣಲ್ವೇನೋ, ಮುಂಡೇಮಗನೇ!"

ಧೂಳು ಇಳಿಯಿತು. ರುದ್ರಣ್ಣ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ. ಅವನ ಕಣ್ಣು ಹಿಡಿದು ನಾನೂ ಕನ್ನಡಿಯಲ್ಲಿ ನೋಡಿದೆ. ಗೆನ್ನಾದಿ ಪೆತ್ರೋವಿಚ್ ಮಡಿಲಲ್ಲಿ ಹೋಳಿಗೆಯ ಗಂಟು ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವರ ಬಲಗೈ ಮೇಲಕ್ಕೆ ಎದ್ದಿತ್ತು, ತರಗತಿಯಲ್ಲಿ ಎತ್ತುವ ಹಾಗೆ. ರಷ್ಯನ್ನಿನಲ್ಲಿ ಏನೋ ಒಂದು ಸಣ್ಣ ಮಾತು ಅಂದರು.

"ಏನಂತಾರೆ ಅಕ್ಕಾರೆ?" ಎಂದ ರುದ್ರಣ್ಣ.

ಸೋಸಲು ಅದರಲ್ಲಿ ಏನೂ ಇರಲಿಲ್ಲ.

"ಕರೆದಿರಾ ಅಂತ ಕೇಳ್ತಾ ಇದ್ದಾರೆ," ಎಂದೆ.

ಚಿಕ್ಕಜಾಜೂರು ಬರುವವರೆಗೂ ಹಿಂದಿನ ಸೀಟಿನ ಕಡೆ ತಿರುಗಿ ನೋಡುವ ಮುಖ ನನಗಿರಲಿಲ್ಲ.