ಶೈಲಜಾಳ ಶೇಂಗಾ ಮೂಟೆ

ಚಳ್ಳಕೆರೆಯ ಎಣ್ಣೆಮಿಲ್ಲಿನ ಮುರುಗೇಂದ್ರಪ್ಪನವರ ಜಿಪುಣತನದ ಬಗ್ಗೆ ಜನ ಆಡುವುದೆಲ್ಲ ಸುಳ್ಳು. ನಿಜ ಅದಕ್ಕಿಂತ ಹೆಚ್ಚು. ಮೊಮ್ಮಗಳು ಶೈಲಜಾ ಐಸ್‌ಕ್ಯಾಂಡಿಗೆ ಎಂಟಾಣೆ ಕೇಳಿದರೆ, ಆ ಮಹಾರಾಯರು ಜೇಬಿಗಲ್ಲ, ಮೂಟೆಗೆ ಕೈಹಾಕಿ ಒಂದು ಹಿಡಿ ಶೇಂಗಾ ಕೊಡುತ್ತಿದ್ದರು.

"ಕೂಡಿಡವ್ವ. ರೇಟು ಏರಿದಾಗ ನಾನೇ ತಗಂತೀನಿ. ಗಿರಾಕಿಗೆ ಅವಸರ ಬೀಳೋಗಂಟ ಮಾತ್ರ ಮಾರಬ್ಯಾಡ."

ಮಗ ಚಂದ್ರಶೇಖರನ ಕೈಯಲ್ಲಿ ಕಾಸು ಯಾವತ್ತೂ ನಿಂತದ್ದಿಲ್ಲ. ಈ ಹುಡುಗಿಯಾದರೂ ಕಲಿಯಲಿ ಎಂಬುದು ಅವರ ಆಸೆ. ಅವಳಿಗೋ ಸೈಕಲ್ಲಿನ ಆಸೆ. ಎರಡು ವರ್ಷ ಹಿಡಿಹಿಡಿಯಾಗಿ ಕೂಡಿಟ್ಟಳು, ಮಾಳಿಗೆಯ ಮೇಲೆ ಒಣಗಿಸಿದಳು, ಬೇವಿನ ಸೊಪ್ಪು ಹಾಕಿ ಮೂಟೆ ಕಟ್ಟಿಟ್ಟಳು. ಚಟ್ನಿಗೆಂದು ಒಂದು ಬಟ್ಟಲು ಕೇಳಿದ ಅಜ್ಜಿ ಸುಲೋಚನಮ್ಮನಿಗೆ, "ಇವತ್ತಿನ ರೇಟು ಎಷ್ಟೈತೆ, ಕೇಳ್ಕಂಬಾ" ಅಂದಳು. ಮುರುಗೇಂದ್ರಪ್ಪನವರಿಗೆ ಸಂತೋಷಕ್ಕೆ ಕಣ್ಣು ಒದ್ದೆಯಾಯಿತು.

ತೊಂಬತ್ತೇಳರಲ್ಲಿ ಮಿಲ್ಲಿಗೆ ಹೊಸ ಯಂತ್ರ ಬಂತು. ಪೂಜೆಗೆ ಊರಿಗೆಲ್ಲ ಹೇಳಿಕೆ ಹೋಯಿತು. ಮಿಲ್ಲಿನ ಮೂಟೆಗಳೆಲ್ಲ ಮುಗಿದಿದ್ದರೂ ಯಂತ್ರಕ್ಕೆ ಹಾಕಲು ಶೇಂಗಾ ಮಾತ್ರ ಮುರುಗೇಂದ್ರಪ್ಪನವರು ಕೊಳ್ಳಲಿಲ್ಲ. "ನಾಳೆ ರೇಟು ಇಳೀತೈತೆ, ತಡಿ" ಅನ್ನುತ್ತಲೇ ದಿನ ತಳ್ಳಿದರು. ಇಳಿಯಲಿಲ್ಲ. ಪೂಜೆಯ ದಿನ ನೋಡಿದರೆ ಮಾರುಕಟ್ಟೆಗೆ ರಜೆ!

ಅಯ್ನೋರು ಮಂತ್ರ ಮುಗಿಸಿ ಗಡಿಯಾರ ನೋಡುತ್ತಿದ್ದರು. ಮುಹೂರ್ತ ಮೀರುತ್ತಿತ್ತು. ಖಾಲಿ ಯಂತ್ರ ತಿರುಗಿಸಿದರೆ ಅಪಶಕುನ. ಎದುರು ಮಿಲ್ಲಿನ ತಿಪ್ಪೇರುದ್ರಪ್ಪ ಮುಂದಿನ ಸಾಲಿನಲ್ಲೇ ಕೂತು ಹಲ್ಲು ಕಿರಿಯುತ್ತಿದ್ದ. ಅವನ ಹತ್ತಿರ ಶೇಂಗಾ ಸಾಲ ಕೇಳುವುದೇ? ಶಿವಶಿವಾ! ಮುರುಗೇಂದ್ರಪ್ಪನವರು ಮನೆಗೆ ಓಡಿದರು. ಸುದ್ದಿ ಮೊದಲೇ ಮುಟ್ಟಿತ್ತು. ಶೈಲಜಾ ಮೂಟೆಯ ಮೇಲೆ ಕೂತಿದ್ದಳು.

"ಕೊಡವ್ವ ಮೂಟೆ."

"ಅವಸರ ಐತೇನಜ್ಜ?"

"ಏ, ಎಂಥ ಅವಸರ!"

"ಹಂಗಾದ್ರೆ ನಾಳೆ ಮಾತಾಡಾನ."

"ಅಯ್ಯೋ, ಐತೆ ಕಣವ್ವ! ಮಾನ ಹೋಗ್ತೈತೆ!"

ಅವಳು ಎದ್ದು ಅಜ್ಜನ ಹೆಗಲಿನ ಟವೆಲ್ಲು ಎಳೆದು ಇಬ್ಬರ ಕೈಮೇಲೂ ಹೊದಿಸಿದಳು. ಹಳೇ ದಲ್ಲಾಳಿಗಳು ವ್ಯಾಪಾರ ಕುದುರಿಸುತ್ತಿದ್ದುದೇ ಹಾಗೆ: ಟವೆಲ್ಲಿನಡಿ ಬೆರಳು ಹಿಡಿದು ರೇಟು ಹೇಳುವುದು, ಮೂರನೆಯವರಿಗೆ ತಿಳಿಯಬಾರದು. ಯಾವ ಬೆರಳು ಹಿಡಿದಳೋ ಸುಲೋಚನಮ್ಮನಿಗೆ ಕಾಣಲಿಲ್ಲ, ಗಂಡನ ಮುಖ ಕಂಡಿತು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು.

ಯಂತ್ರ ತಿರುಗಿತು. ಮರುದಿನ ಮನೆಗೆ ಹೊಚ್ಚಹೊಸ ಲೇಡೀಸ್ ಸೈಕಲ್ ಬಂತು.

ಆಮೇಲೆ ಒಂದು ವಾರ ಶೈಲಜಾ ಅದನ್ನು ಶಾಲೆಗೆ ತಳ್ಳಿಕೊಂಡೇ ಹೋದಳು, ತಳ್ಳಿಕೊಂಡೇ ಬಂದಳು. ಊರೆಲ್ಲ ನಗತೊಡಗಿತು. ಮುರುಗೇಂದ್ರಪ್ಪನವರು ಬಿಸಿಲಲ್ಲಿ ಅಡ್ಡ ನಿಂತು ಕೇಳಿದರು.

"ಯಾಕವ್ವ, ಹತ್ತಬಾರ್ದಾ?"

"ಹತ್ತಿದ್ರೆ ಟೈರು ಸವೀತೈತಜ್ಜ."

ಬೆವೆತು ಕೆಂಪಾದ ಆ ಪುಟ್ಟ ಮುಖವನ್ನು ಅವರು ಅಂಗೈಯಿಂದ ಒರೆಸಿದರು. ತಾವೇನು ಕಲಿಸಿಬಿಟ್ಟೆವಪ್ಪಾ ಅನ್ನಿಸಿತು. ಜನ್ಮದಲ್ಲಿ ಮೊದಲ ಸಲ, ಯಾರೂ ಕೇಳದೆಯೇ, ಅವರ ಕೈ ಜೇಬಿಗೆ ಹೋಯಿತು.

"ಟೈರಿನ ದುಡ್ಡು ನಾನು ಕೊಡ್ತೀನಿ. ಹತ್ತು ನಮ್ಮವ್ವ, ಕೈ ಮುಗೀತೀನಿ!"

ಶೈಲಜಾ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅಜ್ಜನ ಹೆಗಲ ಮೇಲಿನ ಟವೆಲ್ಲಿಗೆ ಕೈಚಾಚಿದಳು.