ಮಗುವಿನ ಬಟ್ಟೆ ಒಗೆಯುವವಳು

ಅಣ್ಣನ ಮನೆಯಲ್ಲಿ ಬೆಳಕು ಹರಿಯುವ ಮುಂಚೆ ಅವಳು ನೀರು ಹಿಡಿಯಬೇಕು, ರಾತ್ರಿಯ ಪಾತ್ರೆ ತಿಕ್ಕಬೇಕು, ನೆಲ ಒರೆಸಬೇಕು, ಹಾಲು ಕಾಯಿಸಬೇಕು, ಬಾಣಂತಿಯ ಸ್ನಾನಕ್ಕೆ ನೀರು ಬಿಸಿ ಮಾಡಬೇಕು, ಮಿಕ್ಕ ಬಿಸಿನೀರಿನಲ್ಲಿ ಮಗುವಿನ ಬಟ್ಟೆ ನೆನೆಸಿ ಒಗೆಯಬೇಕು. ತರಕಾರಿ ಮಾತ್ರ ಹೆಚ್ಚುವಂತಿಲ್ಲ. ಬೆರಳು ಕುಯ್ದುಕೊಂಡಾಳೆಂದು ಅತ್ತಿಗೆ ಚಾಕುವನ್ನು ಮೇಲಿನ ಗೂಡಿನಲ್ಲಿಡುತ್ತಾಳೆ. ಮಗುವನ್ನೂ ಎತ್ತುವಂತಿಲ್ಲ. ಹೇಸಿಗೆ ತೊಳೆಯಲು ಸಲ್ಲುವ ಕೈ ಮಗುವನ್ನು ಎತ್ತಲು ಯಾಕೆ ಸಲ್ಲದೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಅಣ್ಣನ ಮಗಳ ಆ ಕೂಸಿನ ವಾಸನೆ ಅವಳಿಗೆ ಗೊತ್ತಿದ್ದದ್ದು ಒಗೆಯುವ ಬಟ್ಟೆಗಳಿಂದಷ್ಟೇ.

ಗಂಡ ಬಿಟ್ಟುಹೋದ ಮೇಲೆ ಬಹಳ ವರ್ಷ ಅವಳು ಬೀದಿಯಲ್ಲಿ ನಿಂತು ಬದುಕಿದವಳು. ಆಗೆಲ್ಲ ಅಂಥ ಹೆಂಗಸರನ್ನು ವ್ಯಾನಿಗೆ ತುಂಬಿಕೊಂಡು ಹೋಗಿ, ಒಂದು ಮಾತೂ ಕೇಳದೆ ರಕ್ತ ತೆಗೆಯುತ್ತಿದ್ದರು. ಯಾರಿಗೆ ಎಚ್‌ಐವಿ ಇದೆ, ಯಾರಿಗಿಲ್ಲ ಎಂದು ಗುಮಾಸ್ತನೊಬ್ಬ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಹಾಗೆ ಕೂಗಿಸಿಕೊಂಡ ಅವಳ ಗೆಳತಿ ಮತ್ತೆ ಯಾವ ಬೀದಿಯಲ್ಲೂ ಕಾಣಲಿಲ್ಲ.

ಈಗ ನಿಯಮ ಬೇರೆ. ಒಪ್ಪಿದವರಿಗಷ್ಟೇ ಪರೀಕ್ಷೆ, ಅದೂ ಮುಚ್ಚಿದ ಕೋಣೆಯಲ್ಲಿ. ಫಲಿತಾಂಶ ಅವರ ಕಿವಿಗೆ ಮಾತ್ರ. ಬಸ್ ನಿಲ್ದಾಣದ ಹಿಂದಿನ ಪರೀಕ್ಷಾ ಕೇಂದ್ರಕ್ಕೆ ಬೀದಿಯ ಹೆಂಗಸರನ್ನು ಒಪ್ಪಿಸಿ ಕರೆತರುವುದು ಅವಳ ಕೆಲಸ. ಹೊಸಬಳು ಸೂಜಿಗೆ ಹೆದರಿದರೆ ಮೊದಲು ತನ್ನ ಬೆರಳನ್ನೇ ಚುಚ್ಚಿಸಿಕೊಳ್ಳುತ್ತಾಳೆ. ಪ್ರತಿ ಸಲವೂ ಅವಳಿಗೆ ಬಂದ ಉತ್ತರ ಒಂದೇ: ಸೋಂಕಿಲ್ಲ.

ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಮನೆಯವರು ಕೇಳದೆಯೇ ಇದೆ ಅಂದುಕೊಂಡಿದ್ದರು. ಮೊನ್ನೆ, ಮಗು ಹೊತ್ತು ಹೊತ್ತು ಸೊಂಟ ಹಿಡಿದುಕೊಂಡ ಮೇಲೆ, ಅತ್ತಿಗೆ ಮೊದಲ ಸಲ ಕೇಳಿದಳು.

"ಇಲ್ಲ ಅಂತ ಒಂದು ಮಾತು ಹೇಳಿಬಿಡಮ್ಮ. ಮಗೂನ ಈಗಲೇ ನಿನ್ನ ಮಡಿಲಿಗೆ ಹಾಕ್ತೀನಿ."

ಯೋಚಿಸಿ ಹೇಳುತ್ತೇನೆ ಎಂದಳು. ಇದರಲ್ಲಿ ಯೋಚಿಸುವುದೇನಿದೆ ಎಂದುಕೊಂಡು ಅತ್ತಿಗೆ ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು.

ಅವತ್ತು ಕೇಂದ್ರಕ್ಕೆ ಕರೆತಂದದ್ದು, ಬಟ್ಟೆ ಅಂಗಡಿಗಳ ಬೀದಿಯಲ್ಲಿ ನಿಲ್ಲುವ ಗಿಣಿಯನ್ನು. ಬಾಯಿ ಮುಚ್ಚದವಳೆಂದೇ ಅವಳಿಗೆ ಆ ಹೆಸರು. ಕೋಣೆಯಿಂದ ಹೊರಬಂದಾಗ ಗಿಣಿ ಸುಮ್ಮನಿದ್ದಳು. ಕೇಂದ್ರದ ಹಿಂದಿನ ಮೆಟ್ಟಿಲ ಮೇಲೆ ಇವಳ ಪಕ್ಕದಲ್ಲಿ ಬಂದು ಕೂತು, ಸೋಂಕು ಇದೆಯಂತೆ, ಇವತ್ತಿನಿಂದಲೇ ಮಾತ್ರೆಯಂತೆ ಎಂದಳು. ಆಮೇಲೆ ಕೇಳಿದಳು:

"ಮನೇಲಿ ಹೇಳ್ಲೇಬೇಕಾ ಅಕ್ಕ?"

"ನಿಂಗೆ ಬೇಕು ಅನಿಸಿದ್ರೆ ಹೇಳು. ಹೇಳು ಅಂತ ಪಟ್ಟು ಹಿಡಿದು ಕೂರೋ ಹಕ್ಕು ಮನೇಲಿ ಯಾರಿಗೂ ಇಲ್ಲ."

"ಮಗಳನ್ನ ತಬ್ಬಿಕೊಂಡು ಮಲಗ್ತೀನಿ ನಾನು."

"ಮಲಗು. ನಿನ್ನ ಗೊರಕೆ ಬಿಟ್ರೆ ಅವಳಿಗೆ ಬೇರೆ ಏನೂ ತೊಂದರೆ ಇಲ್ಲ."

ಗಿಣಿ ನಕ್ಕಳು. ನಗು ಅಳುವಾಯಿತು. ಅಳು ನಿಲ್ಲುವವರೆಗೆ ಅವಳು ಎದ್ದು ಹೋಗಲಿಲ್ಲ.

ಮನೆಗೆ ನಡೆಯುವಾಗ ಅವಳು ಒಂದೇ ವಿಷಯವನ್ನು ತಿರುವಿ ಹಾಕುತ್ತಿದ್ದಳು. ಇಲ್ಲ ಎಂದರೆ ಮಗು ಸಿಗುತ್ತದೆ. ಆದರೆ ಸೋಂಕು ಇದ್ದಿದ್ದರೆ ದೂರವಿಟ್ಟದ್ದು ಸರಿಯೇ ಆಗುತ್ತಿತ್ತು ಎಂದು ತಾನೇ ಒಪ್ಪಿದಂತಾಗುತ್ತದೆ. ಹಾಗೆ ಇಲ್ಲ ಎಂದು ಹೇಳಿ ಪಾರಾಗಲು ಗಿಣಿಗೆ ಆಗುವುದೂ ಇಲ್ಲ. ಇದನ್ನು ಕೂತು ಮಾತಾಡಲು ದಾರಿಯುದ್ದಕ್ಕೂ ಒಬ್ಬರೂ ನೆನಪಿಗೆ ಬರಲಿಲ್ಲ. ಕೇಂದ್ರದಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗೆ ಅಕ್ಕನಾಗಿ ಯಾರೂ ಇರಲಿಲ್ಲ.

ಹೊಸಿಲು ದಾಟುವಾಗಲೇ ಮಗುವಿನ ಅಳು ಕೇಳಿಸಿತು. ಅಣ್ಣನ ಮಗಳು ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದಳು. ಬಚ್ಚಲಿನಿಂದ ಅತ್ತಿಗೆಯ ದನಿ ಬಂತು.

"ನೀನಾ? ಬಂದೆ ಇರು, ಮುಟ್ಟಬೇಡ."

ಮಗು ಉಸಿರು ಕಟ್ಟಿ ಅಳುತ್ತಿತ್ತು, ಮುಖ ಕೆಂಪೇರಿತ್ತು. ಬಾಗಿಲಿನ ಆಚೆಗೆ ಕೇಳುವಂತೆ 'ನನಗೇನೂ ಇಲ್ಲ ಅತ್ತಿಗೆ' ಎಂದಿದ್ದರೆ ಸಾಕಿತ್ತು. ಆ ಮಾತು ಬಾಯಿತನಕ ಬಂತು. ಅವಳು ಅದನ್ನು ಹೇಳಲಿಲ್ಲ. ಕೈ ತೊಳೆದುಕೊಂಡು ಬಂದು, ಕತ್ತಿನ ಕೆಳಗೆ ಅಂಗೈಯಿಟ್ಟು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅಳು ಬಿಕ್ಕಳಿಕೆಗೆ ಇಳಿಯಿತು.

ಬಚ್ಚಲಿನ ಚಿಲಕ ಸರಿದ ಸದ್ದಾಯಿತು. ಕೆಳಗೆ ಮಲಗಿಸಲು ಇನ್ನೂ ಸಮಯವಿತ್ತು. ಅವಳು ಮಲಗಿಸಲಿಲ್ಲ.